ಕುಣಿಯಬೇಕಾದ ಆಭರಣ

ಬಡಗುತಿಟ್ಟು ಯಕ್ಷಗಾನದ ಭುಜಕೀರ್ತಿಯೊಂದನ್ನು ಕೈಗೆತ್ತಿಕೊಂಡಾಗ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅದರ ತೂಕ. ರಂಗದಲ್ಲಿ ಗಟ್ಟಿ ಚಿನ್ನದಂತೆ ಕಂಡಿದ್ದ ಒಡವೆ ಅದು. ಕೈಗೆ ಬಂದಾಗ ಹಗುರ ಮರದ ಒಂದು ತುಂಡು. ಮೇಲೆ ಹೊಂಬಣ್ಣದ ಬೇಗಡೆ, ನಡುನಡುವೆ ಕನ್ನಡಿಯ ಚೂರು, ಬಣ್ಣದ ಕಲ್ಲು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಆಟ ನೋಡುತ್ತ ಬೆಳೆದವರಿಗೆ ಇದೇನೂ ಹೊಸ ಸಂಗತಿಯಲ್ಲ. ಆದರೆ ಕೈಕಸುಬಿನ ಆಭರಣಗಳ ಚರಿತ್ರೆಯಲ್ಲಿ ಈ ಮರದ ಒಡವೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ.

ಆಭರಣ ಮಾಡುವವರ ಹಳೆಯ ತೊಡಕು ಒಂದಿದೆ. ದೂರಕ್ಕೆ ಎದ್ದು ಕಾಣಬೇಕಾದರೆ ಒಡವೆ ದೊಡ್ಡದಾಗಬೇಕು. ದೊಡ್ಡದಾದರೆ ಭಾರ, ಭಾರವಾದರೆ ತೊಟ್ಟವರಿಗೆ ಹಿಂಸೆ. ಮದುಮಗಳು ಭಾರದ ಸರ ಹಾಕಿಕೊಂಡು ಒಂದು ಹಗಲು ಕುಳಿತಿರಬಹುದು. ವೇಷಧಾರಿಗೆ ಆ ಸೌಕರ್ಯವಿಲ್ಲ. ಆತ ಕುಣಿಯಬೇಕು, ಮಂಡಿ ಹಾಕಿ ಸುತ್ತಬೇಕು, ಏದುಸಿರು ತೋರಗೊಡದೆ ಅರ್ಥ ಹೇಳಬೇಕು. ಅದೂ ಒಂದು ದಿನದ ಮಾತಲ್ಲ. ನವೆಂಬರದಿಂದ ಮೇ ತಿಂಗಳವರೆಗೆ ಮೇಳದ ತಿರುಗಾಟದಲ್ಲಿ ರಾತ್ರಿ ರಾತ್ರಿಯೂ ಇದೇ ಕೆಲಸ.

ಇನ್ನೊಂದು ಕಡೆ ಬೆಳಕಿನ ಪ್ರಶ್ನೆ. ವಿದ್ಯುತ್ತು ಬರುವ ಮೊದಲು ಗದ್ದೆಯ ರಂಗಸ್ಥಳಕ್ಕೆ ಎಣ್ಣೆಯ ದೀಪ, ದೊಂದಿಗಳೇ ಗತಿ. ಆ ಮಂದ ಬೆಳಕಿನಲ್ಲಿ ಕೊನೆಯ ಸಾಲಿನವನಿಗೂ ರಾಜ ರಾಜನಾಗಿ ಕಾಣಬೇಕಿತ್ತು. ಬೇಗಡೆ, ಕನ್ನಡಿಗಳು ಬೇಕಾದದ್ದು ಇಲ್ಲಿ. ದೊಂದಿಯ ಉರಿ ಅಲುಗಿದಾಗ ಅವೂ ಮಿನುಗುತ್ತವೆ. ವೇಷ ತಿರುಗಿದಾಗ ಮೈತುಂಬ ಬೆಳಕು ಓಡಾಡಿದಂತಾಗುತ್ತದೆ. ಕಡಿಮೆ ತೂಕದಲ್ಲಿ ಹೆಚ್ಚು ಹೊಳಪು: ನಮ್ಮ ಕುಶಲಕರ್ಮಿಗಳು ಕಂಡುಕೊಂಡ ದಾರಿ ಇದು.

ತೊಡಿಸುವ ಕ್ರಮದಲ್ಲೂ ಇದೇ ವಿವೇಕವಿದೆ. ಎದೆಕಟ್ಟು, ತೋಳುಕಟ್ಟು, ಕೈಕಟ್ಟು ಎಂಬ ಹೆಸರುಗಳನ್ನೇ ಗಮನಿಸಿ. ಇವು ಕಟ್ಟುವ ಒಡವೆಗಳು. ಮೈಗೆ ನೇರವಾಗಿ ಮರ ತಾಗದಂತೆ ಒಳಗೆ ಅಂಗಿ ಇರುತ್ತದೆ. ಚುಚ್ಚುವ ಕೊಕ್ಕೆಯ ಬದಲು ದಾರ ಇರುತ್ತದೆ. ದಾರವನ್ನು ಆಯಾ ಮೈಕಟ್ಟಿಗೆ ತಕ್ಕಂತೆ ಬಿಗಿ ಮಾಡಬಹುದು, ಸಡಿಲಿಸಬಹುದು. ಮೇಳದ ಪೆಟ್ಟಿಗೆಯಲ್ಲಿರುವ ಒಂದೇ ಎದೆಕಟ್ಟು ಇವತ್ತು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ಒದಗುವುದು ಹೀಗೆ.

ಎಲ್ಲಕ್ಕಿಂತ ದಿಟ್ಟ ವಿನ್ಯಾಸ ಕೇದಗೆ ಮುಂದಲೆಯದು. ಕಿರೀಟವನ್ನು ಮರದಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. ಮುಂದಲೆಯನ್ನು ದಿನವೂ ಚೌಕಿಯಲ್ಲಿ ಕೂತು ತಲೆಯ ಮೇಲೆಯೇ ಕಟ್ಟಬೇಕು. ಒಣಹುಲ್ಲಿಗೆ ಬಟ್ಟೆ ಸುತ್ತಿ ಮಾಡಿದ ಅಟ್ಟೆ, ಅದರ ಮೇಲೆ ಬಟ್ಟೆಯ ಸುತ್ತು, ಮೇಲೆ ಜರಿಯ ಪಟ್ಟಿ. ಮುಖಕ್ಕಿಂತ ದೊಡ್ಡ ಎಸಳಿನಂತೆ ಅರಳುವ ಈ ರಚನೆಯ ಒಳಗಿರುವುದು ಹುಲ್ಲು, ಬಟ್ಟೆ, ಗಾಳಿ. ಬಿಗಿ ಹೆಚ್ಚಾದರೆ ಹಣೆಯ ನರ ಸಿಡಿಯುತ್ತದೆ, ಕಡಿಮೆಯಾದರೆ ನಡುರಂಗದಲ್ಲಿ ಮುಂದಲೆ ವಾಲುತ್ತದೆ. ಆ ಹದ ಗೊತ್ತಿರುವುದು ಕಟ್ಟಿಕೊಂಡವನ ತಲೆಗೆ ಮಾತ್ರ. ಬ್ರಹ್ಮಾವರದ ಸುತ್ತಿನ ಹಾರಾಡಿ, ಮಟಪಾಡಿ ಶೈಲಿಗಳ ದೊಡ್ಡ ಕಲಾವಿದರು ಕುಣಿತದಷ್ಟೇ ಶ್ರದ್ಧೆಯಿಂದ ಮುಂಡಾಸು ಕಟ್ಟುವುದನ್ನೂ ಕಲಿತವರು.

ಹೋಲಿಕೆಗೆ ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿಗೆ ಹೋಗೋಣ. ಕೊಗ್ಗ ಕಾಮತರ ಮನೆತನದ ಸೂತ್ರದ ಗೊಂಬೆಗಳು ತೊಡುವುದೂ ಯಕ್ಷಗಾನದ ವೇಷವನ್ನೇ. ಆದರೆ ಗೊಂಬೆಗೆ ಬೆವರಿಲ್ಲ, ಕತ್ತುನೋವಿಲ್ಲ. ಅಲ್ಲಿ ಭಾರ ತಿಳಿಯುವುದು ಆಡಿಸುವವನ ಬೆರಳಿಗೆ. ಒಡವೆ ಯಾರ ಮೈಮೇಲಿದ್ದರೂ ಅದರ ತೂಕವನ್ನು ಯಾರೋ ಒಬ್ಬರು ಹೊರಲೇಬೇಕು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು 'ಯಕ್ಷಗಾನ ಬಯಲಾಟ'. ವೇಷಭೂಷಣವೂ ಅಧ್ಯಯನಕ್ಕೆ ಯೋಗ್ಯವೆಂದು ವಿದ್ವಾಂಸರಿಗೆ ಮನಗಾಣಿಸಿದವರಲ್ಲಿ ಅವರು ಮುಖ್ಯರು. 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದ ಹಿಂದೆಯೂ ಅವರಿದ್ದರು.

ಈಗ ಥರ್ಮೊಕೋಲ್ ಬಂದಿದೆ. ಮರಕ್ಕಿಂತ ಹಗುರ, ಅಗ್ಗ, ಕೆತ್ತುವುದೂ ಸುಲಭ. ಮೊಣಕಾಲು ಸೋತ ಕಲಾವಿದ ಅದನ್ನು ಬಯಸಿದರೆ ತಪ್ಪೆನ್ನಲು ನನಗೆ ಬಾಯಿಲ್ಲ. ಆದರೆ ಅದು ಸುಲಭವಾಗಿ ಮುರಿಯುತ್ತದೆ, ಬಿಸಿಗೆ ಕರಗುತ್ತದೆ. ದೊಂದಿ ಹಿಡಿದು ಬರುವ ಬಣ್ಣದ ವೇಷಕ್ಕೆ ಅದು ಅಪಾಯವೇ. ಹಗುರವಾದದ್ದೆಲ್ಲ ಸುರಕ್ಷಿತವಲ್ಲ. ಹೊಸ ವಸ್ತುವನ್ನು ಒಪ್ಪುವ ಮೊದಲು ಹಳಬರು ಮರಕ್ಕೆ ಕೇಳಿದ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು: ದೊಂದಿಯ ಬಳಿ ನಿಂತೀತೇ, ಬೆವರು ತಡೆದೀತೇ, ಮಂಡಿ ಹಾಕಿದಾಗ ಜೊತೆಗೆ ತಿರುಗೀತೇ? ಮುಂದಿನ ಸಲ ಆಟಕ್ಕೆ ಹೋದಾಗ ಸ್ವಲ್ಪ ಬೇಗ ಹೋಗಿ, ಅಪ್ಪಣೆ ಕೇಳಿ ಚೌಕಿಯೊಳಗೆ ಕುಳಿತುಕೊಳ್ಳಿ. ಮುಂದಲೆ ಕಟ್ಟುವುದನ್ನು ನೋಡಿದರೆ ಈ ಪ್ರಶ್ನೆಗಳು ಎಲ್ಲಿಂದ ಹುಟ್ಟಿದವೆಂದು ತಿಳಿಯುತ್ತದೆ.