ರೇಡಿಯೋ ಟ್ರಕ್ಕನ್ನು ಹದಗೊಳಿಸುವ ಬಗೆ

ರೇಡಿಯೋ ಸಂಕೇತಗಳಿಂದ ನಡೆಯುವ, ಮಣ್ಣಿನ ಹಾದಿಯ ಪಂದ್ಯಕ್ಕೆಂದೇ ರೂಪುಗೊಂಡ ಪುಟ್ಟ ಟ್ರಕ್ಕನ್ನು ಆಟಿಕೆಯೆಂದು ಕರೆಯುವುದು ವಾಡಿಕೆ. ಅದರ ಮೇಲುಹೊದಿಕೆಯನ್ನು ಕಳಚಿ ನೋಡಿದವರಿಗೆ ಈ ಮಾತು ಒಪ್ಪಿಗೆಯಾಗದು. ದೊಡ್ಡ ವಾಹನದಲ್ಲಿರುವ ಶಾಕ್ ಅಬ್ಸಾರ್ಬರ್, ಡಿಫರೆನ್ಷಿಯಲ್, ಕ್ಲಚ್, ಗೇರುಗಳು ಇಲ್ಲಿಯೂ ಇವೆ. ಅಳತೆ ಮಾತ್ರ ಹತ್ತರಲ್ಲಿ ಒಂದು ಪಾಲು. ವಿದೇಶದಲ್ಲಿರುವ ಮಕ್ಕಳೋ ಸೋದರಳಿಯಂದಿರೋ ತಂದುಕೊಟ್ಟ ಇಂತಹ ಟ್ರಕ್ಕುಗಳು ನಮ್ಮವರ ಅನೇಕ ಮನೆಗಳಲ್ಲಿ ಬೀರುವಿನ ಮೇಲೆ ಧೂಳು ಹಿಡಿದು ಕುಳಿತಿರುವುದನ್ನು ಕಂಡಿದ್ದೇನೆ. ಒಂದೆರಡು ಬಾರಿ ಮೈದಾನಕ್ಕೆ ಹೋಗಿ, ಪಲ್ಟಿ ಹೊಡೆದು, ಏನೋ ಮುರಿದು ಮೂಲೆ ಸೇರಿದವುಗಳೇ ಹೆಚ್ಚು. ಅವು ಕೆಟ್ಟಿರುವುದಿಲ್ಲ, ಹದ ತಪ್ಪಿರುತ್ತವೆ ಅಷ್ಟೆ. ಅವುಗಳನ್ನು ಕೆಳಗಿಳಿಸುವ ಮನಸ್ಸುಳ್ಳವರಿಗೆ ನೆರವಾಗಲೆಂದು ಈ ಬರಹ.

ಈ ಹವ್ಯಾಸದ ತವರು ಜಪಾನ್ ಮತ್ತು ಅಮೆರಿಕ. ಜಪಾನಿನ ತಮಿಯಾ ಸಂಸ್ಥೆ 1979ರಲ್ಲಿ ಸ್ಯಾಂಡ್ ಸ್ಕಾರ್ಚರ್ ಎಂಬ ಮರಳುಗಾಡಿನ ಗಾಡಿಯನ್ನು ಹೊರತಂದಿತು. 1984ರಲ್ಲಿ ಕ್ಯಾಲಿಫೋರ್ನಿಯಾದ ಟೀಮ್ ಅಸೋಸಿಯೇಟೆಡ್ ಸಂಸ್ಥೆಯ ಆರ್‌ಸಿ10 ಬಂದ ಮೇಲೆ ಪಂದ್ಯದ ಗಾಡಿ ಬೇರೆ, ಆಟದ ಗಾಡಿ ಬೇರೆ ಎಂಬುದು ಸ್ಪಷ್ಟವಾಯಿತು. ಮರುವರ್ಷವೇ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ಜರುಗಿತು. 2008ರಲ್ಲಿ ಟೆಕ್ಸಾಸಿನ ಟ್ರಾಕ್ಸಾಸ್ ಸಂಸ್ಥೆ ಸ್ಲ್ಯಾಶ್ ಎಂಬ ಟ್ರಕ್ಕನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಮಣ್ಣಿನ ಕಿರುಹಾದಿಗಳಲ್ಲಿ ಓಡುವ ಪಂದ್ಯದ ಟ್ರಕ್ಕುಗಳೇ ಇದಕ್ಕೆ ಮಾದರಿ. ಆ ಕಾರಣದಿಂದ ಈ ವರ್ಗಕ್ಕೆ ಶಾರ್ಟ್ ಕೋರ್ಸ್ ಎಂಬ ಹೆಸರು. ನನ್ನ ಸೋದರಳಿಯ ತಂದಿತ್ತದ್ದೂ ಹಿಂಬದಿಯ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ ಇದೇ ಬಗೆಯ ಟ್ರಕ್ಕು. ಮುಂದಿನ ವಿವರಗಳೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ತಂಬೂರಿಯನ್ನು ಶ್ರುತಿಗೊಳಿಸುವ ಮುನ್ನ ತಂತಿ ಸಡಿಲವಾಗಿಲ್ಲವೆಂದು ನೋಡಬೇಕಲ್ಲವೆ? ಇಲ್ಲಿಯೂ ಹಾಗೆಯೇ. ನಾಲ್ಕೂ ಶಾಕ್‌ಗಳನ್ನು ಕಳಚಿ, ಚಕ್ರವನ್ನು ಹೊತ್ತಿರುವ ತೋಳನ್ನು ಎತ್ತಿ ಬಿಡಿ. ಅದು ತನ್ನ ಭಾರದಿಂದಲೇ ತಟ್ಟನೆ ಕೆಳಗೆ ಬೀಳಬೇಕು. ತಡೆದು ತಡೆದು ಇಳಿದರೆ ಕೀಲಿನ ಕಡ್ಡಿ ಬಾಗಿರುತ್ತದೆ ಅಥವಾ ಸಂದಿನಲ್ಲಿ ಮಣ್ಣು ಸೇರಿರುತ್ತದೆ. ಇದನ್ನು ಸರಿಪಡಿಸದೆ ಸ್ಪ್ರಿಂಗ್ ಬದಲಿಸುತ್ತಾ ಹೋಗುವುದು ವ್ಯರ್ಥ. ಲೋಹದೊಳಗೆ ಹೋಗುವ ತಿರುಪುಗಳಿಗೆ ಸಡಿಲವಾಗದಂತೆ ತಡೆಯುವ ಅಂಟನ್ನು ಒಂದು ಹನಿ ಹಚ್ಚಬೇಕು. ಪ್ಲಾಸ್ಟಿಕ್‌ಗೆ ಹೋಗುವವುಗಳಿಗೆ ಹಚ್ಚಬಾರದು, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಟ್ರಕ್ಕಿನ ನಡತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಶಾಕ್ ಅಬ್ಸಾರ್ಬರ್. ಪುಟ್ಟ ಕೊಳವೆ, ಅದರೊಳಗೆ ಸಿಲಿಕೋನ್ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಸರಿಯುವ ತೂತುಗಳುಳ್ಳ ಬಿಲ್ಲೆ, ಹೊರಗೆ ಸ್ಪ್ರಿಂಗ್: ಇಷ್ಟೇ ಅದರ ರಚನೆ. ಸ್ಪ್ರಿಂಗ್ ಟ್ರಕ್ಕನ್ನು ಹೊರುತ್ತದೆ, ಎಣ್ಣೆ ಅದರ ಕುಣಿತಕ್ಕೆ ಕಡಿವಾಣ ಹಾಕುತ್ತದೆ. ಎಣ್ಣೆಯನ್ನು ಅಂಚಿನವರೆಗೆ ತುಂಬಿ, ಬಿಲ್ಲೆಯನ್ನು ನಿಧಾನವಾಗಿ ಏಳೆಂಟು ಸಲ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವ ತನಕ ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿಡಬೇಕು. ಅವಸರಪಟ್ಟು ಮುಚ್ಚಳ ಬಿಗಿದರೆ ಗಾಳಿ ಒಳಗೇ ಉಳಿದು, ಒತ್ತಿದಾಗ ಪಿಚಕ್ ಪಿಚಕ್ ಎಂಬ ಸದ್ದು ಬರುತ್ತದೆ. ಎಡ ಬಲ ಎರಡನ್ನೂ ಒಟ್ಟಿಗೆ ಹಿಡಿದು ಒತ್ತಿ ನೋಡಿ. ಒಂದು ಬೇಗ, ಒಂದು ತಡವಾಗಿ ಹಿಂತಿರುಗಿದರೆ ಟ್ರಕ್ಕು ಒಂದು ತಿರುವಿನಲ್ಲಿ ಒಂದು ಬಗೆ, ಮತ್ತೊಂದರಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುತ್ತದೆ.

ಎಣ್ಣೆಯ ದಪ್ಪವನ್ನು ವೇಟ್ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಸಾಧಾರಣವಾಗಿ 25ರಿಂದ 40ರ ವರೆಗಿನ ಎಣ್ಣೆ ಬಳಕೆಯಲ್ಲಿದೆ. ಆದರೆ ಒಂದು ಸಂಸ್ಥೆಯ 30 ಇನ್ನೊಂದರ 30ಕ್ಕೆ ಸಮನಾಗಿರಬೇಕೆಂದಿಲ್ಲ. ಸೀಸೆಯ ಮೇಲೆ ಸೆಂಟಿಸ್ಟೋಕ್ಸ್ ಅಂಕಿಯಿದ್ದರೆ ಅದನ್ನೇ ನಂಬುವುದು ಲೇಸು. ಎಣ್ಣೆ ಬಿಸಿಲಿಗೆ ತೆಳುವಾಗುತ್ತದೆ. ತಂಪು ಸೀಮೆಯಲ್ಲಿರುವವರು ಹೇಳಿಕೊಟ್ಟ ಅಂಕಿಯನ್ನು ಏಪ್ರಿಲ್ ತಿಂಗಳ ಪುಣೆಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಹಾಗೆಯೇ ಅನುಸರಿಸಿದರೆ ಟ್ರಕ್ಕು ಚೆಂಡಿನಂತೆ ಪುಟಿಯುವುದು ಸಹಜ. ಬೇಸಿಗೆಗೆ ಒಂದು ಮೆಟ್ಟಿಲು ದಪ್ಪನೆಯ ಎಣ್ಣೆಯನ್ನು ಆರಿಸಬೇಕು. ಪರೀಕ್ಷೆ ಸುಲಭ. ಬ್ಯಾಟರಿ ಸಹಿತ ಟ್ರಕ್ಕನ್ನು ಒಂದು ಅಡಿ ಎತ್ತರದಿಂದ ಸಮತಟ್ಟಾಗಿ ಕೈಬಿಡಿ. ಅದು ಬಗ್ಗಿ, ಮರಳಿ ಎದ್ದು, ಅಲ್ಲಿಗೇ ನಿಲ್ಲಬೇಕು. ಎರಡನೆಯ ಸಲ ಪುಟಿದರೆ ಎಣ್ಣೆ ತೆಳುವಾಯಿತು. ತಳ ನೆಲಕ್ಕೆ ಬಲವಾಗಿ ಬಡಿದರೆ ಎಣ್ಣೆಯೋ ಸ್ಪ್ರಿಂಗೋ ಮೆತ್ತಗಾಯಿತು. ಬಿಲ್ಲೆಯ ತೂತುಗಳು ಕಿರಿದಾದಷ್ಟೂ ಹಾರಿ ಬೀಳುವಾಗ ತಡೆ ಹೆಚ್ಚು, ಆದರೆ ಸಣ್ಣ ಉಬ್ಬುತಗ್ಗುಗಳಲ್ಲಿ ಚಕ್ರ ನೆಲ ಬಿಟ್ಟು ಕುಣಿಯುವುದೂ ಹೆಚ್ಚು.

ಇನ್ನು ಎತ್ತರ. ಬ್ಯಾಟರಿ ಹಾಕಿ ಟ್ರಕ್ಕನ್ನು ಎರಡು ಸಲ ಒತ್ತಿ ಬಿಟ್ಟು, ಹಿಂದಿನ ತೋಳುಗಳು ನೆಲಕ್ಕೆ ಸಮಾಂತರವಾಗಿವೆಯೇ ಎಂದು ಬಾಗಿ ನೋಡಬೇಕು. ಶಾಕ್‌ನ ಮೇಲಿನ ಬಳೆಯನ್ನು ತಿರುಗಿಸಿ, ಇಲ್ಲವೇ ಸ್ಪ್ರಿಂಗಿನ ಮೇಲೆ ತುಂಡುಬಳೆಗಳನ್ನು ಸೇರಿಸಿ ಎತ್ತರವನ್ನು ಸರಿಹೊಂದಿಸಬಹುದು. ಮುಂದಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿದರೆ ಮೂತಿ ಚುರುಕಾಗಿ ತಿರುಗುತ್ತದೆ. ಹಿಂದಿನದನ್ನು ಮೆತ್ತಗೆ ಮಾಡಿದರೆ ಹಿಂಬದಿ ನೆಲವನ್ನು ಕಚ್ಚಿ ಹಿಡಿಯುತ್ತದೆ. ಎರಡನ್ನೂ ಒಮ್ಮೆಲೇ ಮಾಡಿದರೆ ಯಾವುದರ ಫಲ ಯಾವುದೆಂದು ತಿಳಿಯದು.

ಚಕ್ರದ ಕೋನಗಳು ಮೂರು. ಚಕ್ರದ ಮೇಲಂಚು ಒಳಕ್ಕೆ ವಾಲುವುದು ಕ್ಯಾಂಬರ್. ಒಂದರಿಂದ ಎರಡು ಡಿಗ್ರಿ ಸಾಕು. ಮೇಲಿನಿಂದ ನೋಡಿದಾಗ ಚಕ್ರಗಳು ಒಳಮುಖವೋ ಹೊರಮುಖವೋ ಎಂಬುದು ಟೋ. ಮುಂದಿನವು ನೇರವಾಗಿ ಅಥವಾ ಒಂದು ಡಿಗ್ರಿಯಷ್ಟು ಹೊರಮುಖವಾಗಿಯೂ, ಹಿಂದಿನವು ಸುಮಾರು ಮೂರು ಡಿಗ್ರಿ ಒಳಮುಖವಾಗಿಯೂ ಇರುವುದು ರೂಢಿ. ಮೂರನೆಯದಾದ ಕ್ಯಾಸ್ಟರನ್ನು ಆರಂಭದಲ್ಲಿ ಮುಟ್ಟದಿರುವುದೇ ಉತ್ತಮ.

ಶಕ್ತಿ ಹರಿಯುವ ದಾರಿಯಲ್ಲಿ ಮೊದಲು ನೋಡಬೇಕಾದದ್ದು ಸ್ಲಿಪರ್ ಕ್ಲಚ್. ನಿಂತ ಟ್ರಕ್ಕಿಗೆ ಒಮ್ಮೆಲೇ ಪೂರ್ಣ ವೇಗ ಕೊಟ್ಟಾಗ ಅದು ಒಂದೆರಡು ಅಡಿ ಜಾರಿ ಹಿಡಿಯಬೇಕು. ತೀರ ಬಿಗಿಯಾದರೆ ಹಾರಿ ಬಿದ್ದಾಗ ಗೇರಿನ ಹಲ್ಲು ಮುರಿಯುತ್ತದೆ, ತೀರ ಸಡಿಲವಾದರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಪಿನಿಯನ್ ಮತ್ತು ಸ್ಪರ್ ಗೇರುಗಳ ನಡುವಿನ ಅಂತರಕ್ಕೆ ಹಳೆಯ ಉಪಾಯವೊಂದಿದೆ: ಎರಡರ ನಡುವೆ ಕಾಗದದ ತೆಳು ಪಟ್ಟಿಯನ್ನಿಟ್ಟು ಒತ್ತಿ, ಮೋಟಾರಿನ ತಿರುಪು ಬಿಗಿದು, ಪಟ್ಟಿಯನ್ನು ತಿರುಗಿಸಿ ತೆಗೆಯುವುದು. ಬ್ಯಾಂಕಿನವನಾದ ನನಗೆ ಹಳೆಯ ಚಲನ್ ಹಾಳೆಗಳಿಗೆ ಕೊರತೆಯಿಲ್ಲ.

ಗೇರಿನ ಲೆಕ್ಕ ಬಡ್ಡಿಯ ಲೆಕ್ಕಕ್ಕಿಂತ ಸರಳ. ಸ್ಪರ್ ಗೇರಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿ, ಗೇರುಪೆಟ್ಟಿಗೆಯ ಒಳ ಅನುಪಾತದಿಂದ ಗುಣಿಸಬೇಕು. ಸ್ಲ್ಯಾಶಿನ ಒಳ ಅನುಪಾತ 2.72. ಸ್ಪರ್ 86 ಹಲ್ಲು, ಪಿನಿಯನ್ 19 ಹಲ್ಲು ಎಂದಿಟ್ಟುಕೊಂಡರೆ 12.3 ಬರುತ್ತದೆ; ಮೋಟಾರು 12.3 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಪಿನಿಯನ್ನನ್ನು 21 ಹಲ್ಲಿಗೆ ಏರಿಸಿದರೆ ಅದು 11.1ಕ್ಕೆ ಇಳಿದು ವೇಗ ಹೆಚ್ಚುತ್ತದೆ, ಜೊತೆಗೆ ಮೋಟಾರಿನ ಬಿಸಿಯೂ. ಐದು ನಿಮಿಷ ಓಡಿಸಿ ಮೋಟಾರಿನ ಶಾಖವನ್ನು ಅಳೆಯಿರಿ. 70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಚಿಕ್ಕ ಪಿನಿಯನ್ನಿಗೆ ಹಿಂತಿರುಗುವುದು ಜಾಣತನ. 2020ರ ಕೋವಿಡ್ ದಿನಗಳಲ್ಲಿ ನಾವೆಲ್ಲ ಕೊಂಡ ಹಣೆಯ ಶಾಖಮಾಪಕಗಳು ಮೈಶಾಖ ಅಳೆಯುವ ಕ್ರಮದಲ್ಲಿ ಇಷ್ಟು ಬಿಸಿಯನ್ನು ತೋರಿಸಲಾರವು. ವಸ್ತುಗಳ ಶಾಖವನ್ನು ಅಳೆಯುವ ಉಪಕರಣವೇ ಬೇಕು.

ಅನುಭವಿಗಳನ್ನು ಕೇಳಿದರೆ ಇವೆಲ್ಲಕ್ಕಿಂತ ಟಯರೇ ಮುಖ್ಯವೆನ್ನುತ್ತಾರೆ. ನನ್ನ ಅನುಭವವೂ ಅದೇ. ಸಡಿಲ ಮಣ್ಣಿಗೆ ಎತ್ತರದ ಮುಳ್ಳುಗಳುಳ್ಳ ಟಯರು, ಗಟ್ಟಿಯಾದ ಮುರುಮಿನ ನೆಲಕ್ಕೆ ಒತ್ತೊತ್ತಾದ ಗಿಡ್ಡ ಮುಳ್ಳುಗಳದ್ದು. ಒದ್ದೆಯಾದ ಎರೆಮಣ್ಣಿನಲ್ಲಿ ಮಾತ್ರ ಯಾವ ಟಯರೂ ನಡೆಯದು. ಎರಡೇ ಸುತ್ತಿಗೆ ಚಕ್ರಗಳು ರಾಗಿಮುದ್ದೆಯಂತಾಗುತ್ತವೆ. ಟಯರಿನೊಳಗೆ ಗಾಳಿಯಿಲ್ಲ, ಸ್ಪಂಜು ಇರುತ್ತದೆ. ಟಯರನ್ನು ಚಕ್ರಕ್ಕೆ ಸೂಪರ್ ಗ್ಲೂ ಹಾಕಿ ಸುತ್ತಲೂ ಅಂಟಿಸದಿದ್ದರೆ ತಿರುವಿನಲ್ಲಿ ಕಳಚಿಬರುತ್ತದೆ.

ಬ್ಯಾಟರಿಯ ವಿಷಯದಲ್ಲಿ ಕೊಂಚ ಹೆಚ್ಚು ಹೇಳಲೇಬೇಕು. ಹಳೆಯ ಟ್ರಕ್ಕುಗಳಲ್ಲಿ ಆರು ಕೋಶಗಳ 7.2 ವೋಲ್ಟಿನ ನಿಕಲ್ ಬ್ಯಾಟರಿಯಿರುತ್ತದೆ, ಅದು ಸಾಧು. ಪಂದ್ಯದವರು ಬಳಸುವುದು ಎರಡು ಕೋಶಗಳ 7.4 ವೋಲ್ಟಿನ ಲಿಥಿಯಂ ಪಾಲಿಮರ್, ಅಂದರೆ ಲಿಪೋ. ಪೂರ್ಣ ತುಂಬಿದಾಗ ಪ್ರತಿ ಕೋಶದಲ್ಲಿ 4.2 ವೋಲ್ಟ್, 3.2ಕ್ಕಿಂತ ಕೆಳಗೆ ಇಳಿಸಬಾರದು. ಅದಕ್ಕಾಗಿ ಸ್ಪೀಡ್ ಕಂಟ್ರೋಲರಿನಲ್ಲಿರುವ ಲಿಪೋ ರಕ್ಷಣೆಯನ್ನು ಚಾಲೂ ಮಾಡಿರಬೇಕು. 5000 ಮಿಲಿ ಆಂಪಿಯರ್-ಅವರ್ ಬ್ಯಾಟರಿಗೆ 5 ಆಂಪಿಯರಿನಂತೆ, ಎರಡೂ ಕೋಶಗಳನ್ನು ಸಮಗೊಳಿಸುವ ಚಾರ್ಜರಿನಲ್ಲಿಯೇ ತುಂಬಬೇಕು. ಬೆಂಕಿ ತಡೆಯುವ ಚೀಲದಲ್ಲಿಟ್ಟು, ಕಲ್ಲುಹಾಸಿನ ನೆಲದ ಮೇಲೆ, ಕಣ್ಣೆದುರಿಗೇ ತುಂಬಬೇಕು. ರಾತ್ರಿ ಹಾಕಿ ಮಲಗುವುದು ಸಲ್ಲದು.

ಇದನ್ನೆಲ್ಲ ತಿಳಿದೂ ನಾನು ಎಡವಿದೆ. ಒಂದು ಮೇ ತಿಂಗಳು ಧಾರವಾಡದಲ್ಲಿ ತಂಗಿಯ ಮಗಳ ಮದುವೆ. ಭಾನುವಾರ ಮೈದಾನಕ್ಕೆ ಹೋಗೋಣವೆಂದು ಬ್ಯಾಟರಿಯನ್ನು ಪೂರ್ತಿ ತುಂಬಿದ್ದವನು, ಹೋಗಲಾಗದೆ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಊರಿಗೆ ಹೊರಟೆ. ಮೂರು ವಾರದ ಬಳಿಕ ಬಂದು ನೋಡಿದರೆ ಅದು ಪೂರಿಯಂತೆ ಉಬ್ಬಿತ್ತು. ಮುಚ್ಚಿದ ಮನೆ, ಮೇಲಿನ ಮಹಡಿ, ಬಿಸಿಲಿಗೆ ಕಾದ ಗೋಡೆ. "ಇದು ರೇಷ್ಮೆ ಸೀರೆಗಳ ಪಕ್ಕದಲ್ಲೇ ಇತ್ತಲ್ಲರೀ" ಎಂದಷ್ಟೇ ಮನೆಯಾಕೆ ಹೇಳಿದ್ದು. ಉಬ್ಬಿದ ಬ್ಯಾಟರಿ ಹೊತ್ತಿಕೊಂಡಿದ್ದರೆ ನಮ್ಮ ಮನೆ ಮಾತ್ರವಲ್ಲ, ಅಕ್ಕಪಕ್ಕದ ಎರಡು ಕುಟುಂಬಗಳೂ ಅಪಾಯಕ್ಕೆ ಸಿಲುಕುತ್ತಿದ್ದವು. ಅಂದಿನಿಂದ ಎರಡು ದಿನಕ್ಕಿಂತ ಹೆಚ್ಚು ಬಳಸುವುದಿಲ್ಲವೆಂದಾದರೆ ಚಾರ್ಜರಿನ ಸ್ಟೋರೇಜ್ ಕ್ರಮದಿಂದ ಪ್ರತಿ ಕೋಶವನ್ನು 3.8 ವೋಲ್ಟಿಗೆ ತಂದು, ಬಾಲ್ಕನಿಯ ನೆರಳಿನಲ್ಲಿ ಮಡಕೆಯೊಳಗೆ ಇಡುತ್ತೇನೆ. ಉಬ್ಬಿದ್ದನ್ನು ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು, ಕಸದ ಬುಟ್ಟಿಗೂ ಎಸೆಯಬಾರದು. ಹಳೆಯ ಬ್ಯಾಟರಿ ಸಂಗ್ರಹಿಸುವ ಕೇಂದ್ರಕ್ಕೆ ಒಪ್ಪಿಸಬೇಕು. ವಿಮಾನದಲ್ಲಿ ತರುವವರು ಬ್ಯಾಟರಿಯನ್ನು ಕೈಚೀಲದಲ್ಲಿಯೇ ತರಬೇಕು. ಮೇಲೆ ಹೇಳಿದ ಬ್ಯಾಟರಿ 37 ವ್ಯಾಟ್-ಅವರ್ ಆದ್ದರಿಂದ 100ರ ಮಿತಿಯೊಳಗೇ ಇದೆ.

ರೇಡಿಯೋ ವಿಚಾರ ಈಗ ಸುಲಭವಾಗಿದೆ. ಹಿಂದೆ 27 ಮೆಗಾಹರ್ಟ್ಸ್ ಕಾಲದಲ್ಲಿ ಇಬ್ಬರ ಹರಳುಗಳು ಒಂದೇ ಆದರೆ ಒಬ್ಬರ ಗಾಡಿ ಇನ್ನೊಬ್ಬರ ಮಾತು ಕೇಳುತ್ತಿತ್ತು. 2.4 ಗಿಗಾಹರ್ಟ್ಸ್ ಬಂದ ಮೇಲೆ ಆ ಜಗಳವಿಲ್ಲ. ಆರಂಭದಲ್ಲಿ ಮೊದಲು ಕೈಯಲ್ಲಿರುವ ನಿಯಂತ್ರಕ, ಆಮೇಲೆ ಟ್ರಕ್ಕು. ಮುಗಿಸುವಾಗ ಮೊದಲು ಟ್ರಕ್ಕು. ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ತಿರುಗುತ್ತಿರುವಾಗಲೇ ನಿಯಂತ್ರಕವನ್ನು ಆರಿಸಿ ನೋಡಿ. ಚಕ್ರಗಳು ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಸರಿಪಡಿಸುವವರೆಗೆ ಮೈದಾನಕ್ಕೆ ಒಯ್ಯಬೇಡಿ. ಎರಡು ಕಿಲೋಗ್ರಾಂ ಮೀರಿದ ವಸ್ತುವೊಂದು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಮಗುವಿನ ಕಾಲಿಗೆ ಬಡಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಮೈದಾನದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಡಿ. ನನ್ನದು ಎಡಕ್ಕೆ ಮಾಡಿದ್ದು, ಬಲಕ್ಕೆ ಕಂಡದ್ದು ಎಂಬ ಎರಡು ಕಲಮುಗಳ ದಿನವಹಿ. ದಿಬ್ಬದಿಂದ ಹಾರಿದಾಗ ಮೂತಿ ಕೆಳಗಾದರೆ ಗಾಳಿಯಲ್ಲಿರುವಾಗಲೇ ವೇಗ ಕೊಡಿ, ಮೂತಿ ಮೇಲೇಳುತ್ತದೆ. ತೀರ ಮೇಲಾದರೆ ಬ್ರೇಕ್ ಮುಟ್ಟಿಸಿ, ಇಳಿಯುತ್ತದೆ. ನೆಲ ಮುಟ್ಟುವಾಗ ಮಾತ್ರ ಪೂರ್ಣ ವೇಗ ಬೇಡ, ಗೇರಿನ ಹಲ್ಲು ಹೋಗುವುದು ಆಗಲೇ. ಮನೆಗೆ ಬಂದ ಮೇಲೆ ನೀರು ಸುರಿದು ತೊಳೆಯುವ ಬದಲು ಬಣ್ಣ ಬಳಿಯುವ ಒಣ ಕುಂಚದಿಂದ ಧೂಳು ಕೊಡವಿ. ಬೇರಿಂಗುಗಳನ್ನು ಬೆರಳಿನಿಂದ ತಿರುಗಿಸಿ ನೋಡಿ, ಗರಗರ ಎಂದವುಗಳನ್ನು ಬೇರೆ ತೆಗೆದಿಟ್ಟು ಮುಂದಿನ ಭಾನುವಾರಕ್ಕೆ ಮೊದಲು ಬದಲಿಸಿ.