ಗರ್ಭಕೊರಳಿನ ಅಳತೆ: ದಿನ ತುಂಬದ ಹೆರಿಗೆಯ ಮುನ್ಸೂಚನೆ

ಗರ್ಭಕೋಶದ ಕೆಳತುದಿಯಲ್ಲಿರುವ ಗರ್ಭಕೊರಳು ಬಸಿರಿನ ಬಹುಪಾಲು ಬಿಗಿಯಾಗಿ ಮುಚ್ಚಿಕೊಂಡಿದ್ದು, ಹೆರಿಗೆ ಹತ್ತಿರವಾದಾಗ ಮೆತ್ತಗಾಗಿ, ಗಿಡ್ಡವಾಗಿ ತೆರೆದುಕೊಳ್ಳುತ್ತದೆ. ಐದಾರು ತಿಂಗಳಿಗೇ ಅದು ಗಿಡ್ಡವಾದರೆ 37 ವಾರ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ವಿಚಿತ್ರವೆಂದರೆ, ಕೊರಳನ್ನು ಸರಿಯಾಗಿ ಅಳೆಯಲು ಬರುವುದಕ್ಕೆ ಸುಮಾರು ಮೂರು ದಶಕ ಮೊದಲೇ ಅದಕ್ಕೆ ಹೊಲಿಗೆ ಹಾಕುವ ಚಿಕಿತ್ಸೆ ಬಂದಿತ್ತು.

ಅದನ್ನು ತಂದವರು ಮುಂಬಯಿಯ ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ಗೋವಾದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತವರು. ನಾಲ್ಕೈದು ತಿಂಗಳಿಗೆ ಪದೇ ಪದೇ ಬಸಿರಿಳಿಯುತ್ತಿದ್ದ ಹೆಂಗಸರಿಗೆ ಅವರು ಕೊರಳಿನ ಒಳಬಾಯಿಯ ಸುತ್ತ ಹೊಲಿಗೆ ಹಾಕಿದರು. ದಾರದ ಬದಲು ಬಳಸಿದ್ದು ಆಯಾ ಹೆಂಗಸಿನದೇ ತೊಡೆಯಿಂದ ತೆಗೆದ ತಂತುಪೊರೆಯ ಪಟ್ಟಿ. 1955ರಲ್ಲಿ ಮದರಾಸಿನ ‘ಆಂಟಿಸೆಪ್ಟಿಕ್’ ಪತ್ರಿಕೆಯಲ್ಲಿ ಇದರ ವಿವರ ಪ್ರಕಟವಾಯಿತು. ಎರಡು ವರ್ಷದ ಬಳಿಕ ಆಸ್ಟ್ರೇಲಿಯಾದ ಇಯಾನ್ ಮೆಕ್‌ಡೊನಾಲ್ಡ್, ಎಲೆಅಡಿಕೆ ಸಂಚಿಯ ಬಾಯಿದಾರ ಎಳೆದಂತೆ ಬಿಗಿಯುವ ಸರಳ ಹೊಲಿಗೆಯನ್ನು ಮುಂದಿಟ್ಟರು.

ಹೊಲಿಗೆ ಯಾರಿಗೆ ಬೇಕು ಎಂಬುದೇ ತೊಡಕಾಗಿತ್ತು. ಹಿಂದಿನ ಬಸಿರುಗಳ ಕತೆಯೇ ಮುಖ್ಯ ಆಧಾರ. ಬಸಿರಿಲ್ಲದಾಗ 8ನೇ ನಂಬರಿನ ಹೇಗಾರ್ ಸಲಾಕೆ ತಡೆಯಿಲ್ಲದೆ ಒಳಗೆ ಹೋದರೆ ಕೊರಳು ಸಡಿಲವೆಂದು ತೀರ್ಮಾನಿಸುತ್ತಿದ್ದರು. ಬಸುರಿಯರಲ್ಲಿ ಬೆರಳೇ ಅಳತೆಗೋಲು. 1964ರಲ್ಲಿ ವೈದ್ಯ ಎಡ್ವರ್ಡ್ ಬಿಷಪ್ ಬೆರಳಿಗೆ ತಿಳಿಯುವುದನ್ನೆಲ್ಲ ಅಂಕಗಳಿಗೆ ಇಳಿಸಿದರಾದರೂ, ಅದು ದಿನ ತುಂಬಿದವರಿಗೆ ನೋವು ಬರಿಸುವ ಮುನ್ನ ನೋಡುವ ಲೆಕ್ಕ. ಬೆರಳಿನ ಮಿತಿಯೂ ದೊಡ್ಡದು: ಕೊರಳು ಗಿಡ್ಡವಾಗತೊಡಗುವುದು ಸಾಮಾನ್ಯವಾಗಿ ಒಳಬಾಯಿಯಿಂದ, ಬೆರಳು ಮುಟ್ಟುವುದು ಹೊರಬಾಯಿಯನ್ನು. ಪ್ರತಿ ತಪಾಸಣೆಯಲ್ಲೂ ಹೀಗೆ ಮುಟ್ಟಿನೋಡುವುದರಿಂದ ಲಾಭವಿಲ್ಲವೆಂದು 1994ರಲ್ಲಿ ಯುರೋಪಿನ ಹಲವು ದೇಶಗಳ ಪ್ರಯೋಗವೊಂದು ತೋರಿಸಿತು.

ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಕೂಡ ಮೋಸ ಮಾಡುತ್ತಿತ್ತು. ತುಂಬಿದ ಮೂತ್ರಕೋಶ ಒತ್ತಿ ಕೊರಳನ್ನು ಉದ್ದವಾಗಿ ತೋರಿಸುತ್ತದೆ. 1980ರ ದಶಕದ ಕೊನೆಗೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬಳಕೆಗೆ ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. ಅದಕ್ಕೂ ನಾಜೂಕು ಬೇಕು. ಮೊದಲು ಮೂತ್ರ ಮಾಡಿ ಬರಬೇಕು, ಒಳಗಿಡುವ ಸ್ಕ್ಯಾನ್ ಕೋಲನ್ನು (ಪ್ರೋಬ್) ಒತ್ತಬಾರದು, ಕೆಲವು ನಿಮಿಷ ಕಾದು ಮೂರು ಸಲ ಅಳೆದು ಅತಿ ಚಿಕ್ಕ ಅಳತೆಯನ್ನೇ ಬರೆದುಕೊಳ್ಳಬೇಕು.

1996ರಲ್ಲಿ ಅಮೆರಿಕದ ಜೇ ಅಯಾಮ್ಸ್ ತಂಡ 2,915 ಗರ್ಭಿಣಿಯರನ್ನು ಸುಮಾರು 24ನೇ ವಾರದಲ್ಲಿ ಅಳೆಯಿತು. ಸರಾಸರಿ ಉದ್ದ 35 ಮಿ.ಮೀ.; ಅಳತೆ ಇಳಿದಷ್ಟೂ ಅಪಾಯ ಏರುತ್ತಿತ್ತು. 25 ಮಿ.ಮೀ. ಎಂಬ ಗಡಿ ಆಮೇಲೆ ವೈದ್ಯರ ಬಾಯಲ್ಲಿ ನಿಂತುಹೋಯಿತು. 2007ರಲ್ಲಿ ಈ ಅಳತೆಗೆ ಮದ್ದೂ ಜೊತೆಯಾಯಿತು: 15 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಕೊರಳಿನವರು ದಿನವೂ ರಾತ್ರಿ ಯೋನಿಯಲ್ಲಿ 200 ಮಿ.ಗ್ರಾಂ ಪ್ರೊಜೆಸ್ಟರಾನ್ ಇಟ್ಟುಕೊಂಡಾಗ, 34 ವಾರಕ್ಕೆ ಮೊದಲೇ ತಾನಾಗಿ ಆಗುವ ಹೆರಿಗೆ ಶೇ. 34.4ರಿಂದ ಶೇ. 19.2ಕ್ಕೆ ಇಳಿಯಿತು.

ಆದರೂ ಎಲ್ಲರಿಗೂ ಈ ಸ್ಕ್ಯಾನ್ ಬೇಕೇ ಎಂಬ ವಾದ ಮುಗಿದಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 9,410 ಚೊಚ್ಚಲ ಬಸುರಿಯರಿದ್ದರು. ಅವರಲ್ಲಿ 37 ವಾರಕ್ಕೆ ಮೊದಲೇ ತಾನಾಗಿ ಹೆರಿಗೆಯಾದವರನ್ನು ನೋಡಿದರೆ, 16ರಿಂದ 22ನೇ ವಾರದ ನಡುವೆ 25 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಕೊರಳು ಕಂಡಿದ್ದು ಬರೀ ಶೇ. 8ರಷ್ಟು ಮಂದಿಯಲ್ಲಿ. ಉಳಿದವರ ಕೊರಳು ಆ ಹೊತ್ತಿಗೆ ಸಾಕಷ್ಟು ಉದ್ದವೇ ಇತ್ತು.