ಮುದಿ ಉಪಗ್ರಹಕ್ಕೆ ಹೆಗಲು: ಸ್ಪೇಡೆಕ್ಸ್‌ನ ಇನ್ನೊಂದು ಉದ್ದೇಶ ಕುರಿತು ಟಿಪ್ಪಣಿ

ಎರಡು ಉಪಗ್ರಹಗಳನ್ನು ಕಕ್ಷೆಯಲ್ಲೇ ಜೋಡಿಸುವ (ಡಾಕಿಂಗ್) ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಮಾತು ಬಂದಾಗಲೆಲ್ಲ ಚರ್ಚೆ ಚಂದ್ರಯಾನ-4ರ ಕಡೆಗೋ ಭಾರತೀಯ ಅಂತರಿಕ್ಷ ನಿಲ್ದಾಣದ ಕಡೆಗೋ ಹೊರಳುತ್ತದೆ. ಅದು ಸಹಜವೇ. ಆದರೆ ಇಸ್ರೋ ಪ್ರಕಟಿಸಿದ ಉದ್ದೇಶಗಳಲ್ಲಿ ಇನ್ನೊಂದೂ ಇತ್ತು: ಜೋಡಿಕೊಂಡ ಎರಡು ಉಪಗ್ರಹಗಳನ್ನು ನಿಯಂತ್ರಿಸಿ, ಆ ಮೂಲಕ ಉಪಗ್ರಹದ ಆಯಸ್ಸು ಹೆಚ್ಚಿಸಲು ಸಾಧ್ಯವೆಂದು ತೋರಿಸುವುದು. ಈ ಟಿಪ್ಪಣಿಯ ವಸ್ತು ಅದು. ಆಯಸ್ಸು ವಿಸ್ತರಣೆಯ ಕಷ್ಟದ ಕೆಲಸದಲ್ಲಿ ಒಂದು ದೊಡ್ಡ ಪಾಲನ್ನು ಸ್ಪೇಡೆಕ್ಸ್ ಮುಗಿಸಿದೆ. ಉಳಿದ ಪಾಲು ಉಪಗ್ರಹಗಳು ನೆಲದ ಮೇಲೆ ಜೋಡಣೆಯಾಗುವಾಗಲೇ ತೀರ್ಮಾನವಾಗಬೇಕಾದದ್ದು ಎಂಬುದು ನನ್ನ ವಾದ.

ಜೋಡಣೆಯ ಜಾಗದಿಂದಲೇ ಆರಂಭಿಸಬಹುದು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ತಲಾ ಸುಮಾರು 220 ಕೆ.ಜಿ. ತೂಕದ ಸ್ಪೇಡೆಕ್ಸ್ ಜೋಡಿಯನ್ನು ಯು.ಆರ್. ರಾವ್ ಉಪಗ್ರಹ ಕೇಂದ್ರದ ಮಾರ್ಗದರ್ಶನದಲ್ಲಿ ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ, ಅನಂತ್ ಟೆಕ್ನಾಲಜೀಸ್ ಎಂಬ ಖಾಸಗಿ ಸಂಸ್ಥೆ. ದೇವನಹಳ್ಳಿ ಕಡೆಯ ಕೆಐಎಡಿಬಿ ಏರೋಸ್ಪೇಸ್ ಪಾರ್ಕಿನಲ್ಲಿ ಆ ಸಂಸ್ಥೆಯ ಜೋಡಣೆ-ಪರೀಕ್ಷಾ ಘಟಕವಿದೆ. ಉಪಗ್ರಹ ಕಟ್ಟುವ ಕೆಲಸ ಹೀಗೆ ನಗರದ ಉತ್ತರದಂಚಿಗೆ, ಗ್ರಾಮಾಂತರ ಜಿಲ್ಲೆಯ ಕಡೆಗೆ ಸರಿಯುತ್ತಿದೆ. ಈ ವಿವರ ಮುಂದೆ ಮತ್ತೆ ಬೇಕಾಗುತ್ತದೆ.

ಉಪಗ್ರಹಕ್ಕೆ ಮುಪ್ಪು ಬರುವುದು ಹೇಗೆ? ಭೂಮಿಯಿಂದ ಸುಮಾರು 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಸೂರ್ಯ ಚಂದ್ರರ ಸೆಳೆತ ಉಪಗ್ರಹದ ಕಕ್ಷೆಯನ್ನು ವರ್ಷಕ್ಕೆ ಮುಕ್ಕಾಲರಿಂದ ಒಂದು ಡಿಗ್ರಿಯಷ್ಟು ವಾಲಿಸುತ್ತದೆ. ಅದನ್ನು ಸರಿಪಡಿಸಲು ವರ್ಷಕ್ಕೆ ಸುಮಾರು 50 ಮೀಟರ್/ಸೆಕೆಂಡಿನಷ್ಟು ವೇಗ ಬದಲಾವಣೆ ಬೇಕು. ಅದಕ್ಕೆ ಇಂಧನ ಉರಿಯಲೇಬೇಕು. ಟ್ರಾನ್ಸ್‌ಪಾಂಡರುಗಳು ಗಟ್ಟಿಯಾಗಿದ್ದರೂ ಟ್ಯಾಂಕು ಬರಿದಾದರೆ ಉಪಗ್ರಹದ ಕೆಲಸ ಮುಗಿಯಿತು. 2003ರಲ್ಲಿ ಹಾರಿದ ಇನ್ಸಾಟ್-3ಇ 2014ರಲ್ಲಿ ನಿವೃತ್ತವಾದದ್ದು ಇಂಧನ ಉರಿಸಲು ಬೇಕಾದ ಉತ್ಕರ್ಷಕ ಖಾಲಿಯಾದದ್ದರಿಂದ.

ಇನ್ಸಾಟ್-4ಬಿಯ ಕಥೆ ಇನ್ನಷ್ಟು ಪಾಠ ಹೇಳುತ್ತದೆ. 2007ರ ಮಾರ್ಚ್‌ನಲ್ಲಿ ಏರಿಯಾನ್-5 ರಾಕೆಟ್ಟಿನಲ್ಲಿ ಹೋದ, 3 ಟನ್ನಿನಷ್ಟು ತೂಕದ ಈ ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನೆಲೆಸಿತ್ತು. 2010ರ ಜುಲೈನಲ್ಲಿ ಸೌರಫಲಕದ ದೋಷದಿಂದ ಅರ್ಧ ವಿದ್ಯುತ್ ಕಳೆದುಕೊಂಡು, 24 ಟ್ರಾನ್ಸ್‌ಪಾಂಡರುಗಳಲ್ಲಿ 12ನ್ನು ಆರಿಸಬೇಕಾಯಿತು. ಡಿಟಿಎಚ್ ನೋಡುತ್ತಿದ್ದ ದಕ್ಷಿಣದ ಅನೇಕ ಮನೆಗಳಿಗೆ ಅದರ ಬಿಸಿ ತಟ್ಟಿತು. ಅಷ್ಟಾದರೂ ಉಪಗ್ರಹ ದುಡಿದದ್ದು ಸುಮಾರು 14 ವರ್ಷ. ವಿನ್ಯಾಸದ ಆಯಸ್ಸು 12. ಕೊನೆಗೆ 2022ರ ಜನವರಿ 17ರಿಂದ 23ರವರೆಗೆ 11 ಬಾರಿ ಕಕ್ಷೆ ಏರಿಸಿ, ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿ.ಮೀ. ಮೇಲಿನ ಮಸಣದ ಕಕ್ಷೆಗೆ ಕಳಿಸಲಾಯಿತು. ಹಾಗೆ ವಿಲೇವಾರಿಯಾದ ಭಾರತದ 21ನೇ ಭೂಸ್ಥಿರ ಉಪಗ್ರಹ ಅದು. ನನ್ನ ಲೆಕ್ಕದಲ್ಲಿ ಈ ಕೊನೆಯ ಏರಿಕೆಗೆ ಸುಮಾರು 12 ಮೀಟರ್/ಸೆಕೆಂಡ್ ಬೇಕು, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳ ದುಡಿಮೆಯ ಇಂಧನ. ಸಾಯುವ ಖರ್ಚನ್ನೂ ಉಪಗ್ರಹ ತಾನೇ ಕೂಡಿಡಬೇಕು. ಎಳೆದೊಯ್ಯುವ ಬೇರೊಂದು ನೌಕೆ ಇದ್ದಿದ್ದರೆ ಆ ಇಂಧನವೂ ದುಡಿಮೆಗೇ ಸಿಗುತ್ತಿತ್ತು.

ಅಂಥ ನೌಕೆ ಈಗ ಕಲ್ಪನೆಯಲ್ಲ. ನಾರ್ತ್ರಾಪ್ ಗ್ರುಮನ್‌ನ ಎಂಇವಿ-1 ನೌಕೆ 2020ರ ಫೆಬ್ರವರಿ 25ರಂದು, 2001ರಲ್ಲಿ ಹಾರಿದ್ದ ಇಂಟೆಲ್‌ಸ್ಯಾಟ್-901ರ ಬೆನ್ನಿಗೆ ಅಂಟಿಕೊಂಡಿತು. ಅದು ಇಂಧನ ತುಂಬಿಸಲಿಲ್ಲ. ಮುದಿ ಉಪಗ್ರಹದ ಮುಖ್ಯ ಎಂಜಿನ್ನಿನ ನಳಿಕೆಯೊಳಗೆ ಒಂದು ಸಲಾಕೆ ತೂರಿಸಿ ಹಿಡಿದುಕೊಂಡು, ಇಬ್ಬರ ಭಾರವನ್ನೂ ತಾನೇ ನಡೆಸಿತು. ಐದು ವರ್ಷದ ಸೇವೆ ಮುಗಿಸಿ 2025ರ ಏಪ್ರಿಲ್‌ನಲ್ಲಿ ಅದನ್ನು ಮಸಣದ ಕಕ್ಷೆಯಲ್ಲಿ ಬಿಟ್ಟುಬಂತು. ಎಂಇವಿ-2 ಇನ್ನೂ ಧೈರ್ಯದ ಕೆಲಸ ಮಾಡಿತು: 2021ರ ಏಪ್ರಿಲ್ 12ರಂದು, ಪ್ರಸಾರ ಮಾಡುತ್ತಿದ್ದ ಇಂಟೆಲ್‌ಸ್ಯಾಟ್ 10-02 ಉಪಗ್ರಹಕ್ಕೇ ಹೋಗಿ ಜೋಡಿಕೊಂಡಿತು.

ಸ್ಪೇಡೆಕ್ಸ್ ಇದರ ಪಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ? 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ 470 ಕಿ.ಮೀ. ಕಕ್ಷೆಗೆ ಹೋದ ಜೋಡಿ 2025ರ ಜನವರಿ 16ರಂದು ಒಂದಾಯಿತು. ಅಂತಿಮ ಸಾಮೀಪ್ಯದ ವೇಗ ಸೆಕೆಂಡಿಗೆ 10 ಮಿಲಿಮೀಟರಿನ ಮಟ್ಟದ್ದು. ಜೋಡಣೆಯ ಬಳಿಕ ಎರಡನ್ನೂ ಒಂದೇ ವಸ್ತುವಾಗಿ ನಿಯಂತ್ರಿಸಲಾಯಿತು. ಎಂಇವಿ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಸಾಮರ್ಥ್ಯದ ಮೇಲೆ. ಜೋಡಿಯನ್ನು ಬೇರ್ಪಡಿಸಿದ ಮೇಲೆ ಏಪ್ರಿಲ್ 20ರಂದು ಎರಡನೇ ಜೋಡಣೆ 15 ಮೀಟರಿನಿಂದ ಪೂರ್ಣ ಸ್ವಯಂಚಾಲಿತವಾಗಿ ನಡೆಯಿತು. ಆನಂತರ ಒಂದು ಉಪಗ್ರಹದ ವಿದ್ಯುತ್ತಿನಿಂದ ಇನ್ನೊಂದರ ಹೀಟರನ್ನು ನಾಲ್ಕು ನಿಮಿಷ ನಡೆಸಿದರು. ನಾಲ್ಕು ನಿಮಿಷವೆಂದು ಕಡೆಗಣಿಸಬಾರದು. ಎಂಇವಿ ತನ್ನ ಗ್ರಾಹಕನಿಗೆ ವಿದ್ಯುತ್ ಕೊಡುವುದಿಲ್ಲ. ಅರ್ಧ ವಿದ್ಯುತ್ತಿನಲ್ಲಿ ಹತ್ತು ವರ್ಷ ಕಳೆದ ಇನ್ಸಾಟ್-4ಬಿಯನ್ನು ನೆನೆದರೆ, ಈ ಪ್ರಯೋಗದ ತೂಕ ನನಗೆ ಡಾಕಿಂಗ್‌ಗಿಂತಲೂ ಹೆಚ್ಚಾಗಿ ಕಾಣುತ್ತದೆ.

ಕೊರತೆಗಳನ್ನೂ ಹೇಳಬೇಕು. ಸ್ಪೇಡೆಕ್ಸ್‌ನಲ್ಲಿ ಎರಡೂ ಕಡೆ ಒಂದೇ ಬಗೆಯ 450 ಮಿ.ಮೀ. ಡಾಕಿಂಗ್ ಸಾಧನವಿತ್ತು, ಇಬ್ಬರೂ ಕೈಚಾಚಿದವರೇ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳಿಗೆ ಅಂಥ ಸಾಧನವಿಲ್ಲ. ದೂರದ ಹಂತದಲ್ಲಿ ಸ್ಪೇಡೆಕ್ಸ್ ನೆಚ್ಚಿಕೊಂಡದ್ದು ಜಿಪಿಎಸ್ ಮಾದರಿಯ ಸಂಕೇತಗಳನ್ನು. ಜಿಪಿಎಸ್ ಉಪಗ್ರಹಗಳೇ 20,200 ಕಿ.ಮೀ. ಎತ್ತರದಲ್ಲಿರುವುದರಿಂದ ಭೂಸ್ಥಿರ ಕಕ್ಷೆಯಲ್ಲಿ ಆ ಸಂಕೇತ ಕ್ಷೀಣ. ಇದಕ್ಕೆದುರಾಗಿ ಒಂದು ಅನುಕೂಲವೂ ಇದೆ. 470 ಕಿ.ಮೀ. ಎತ್ತರದ ಉಪಗ್ರಹ ಒಂದು ನೆಲದ ಕೇಂದ್ರಕ್ಕೆ ಒಮ್ಮೆಗೆ ಕೆಲವೇ ನಿಮಿಷ ಕಾಣುತ್ತದೆ. ಭೂಸ್ಥಿರ ಕಕ್ಷೆಯದು ಹಾಸನಕ್ಕೆ ಹಗಲಿರುಳೂ ಕಾಣುತ್ತಿರುತ್ತದೆ. ಆತುರವಿಲ್ಲದೆ, ಬೇಕಾದರೆ ಹಿಂದೆ ಸರಿದು, ಮತ್ತೆ ಪ್ರಯತ್ನಿಸಬಹುದು.

ಈಗ ಹಾರುತ್ತಿರುವ ನಮ್ಮ ಹಲವು ಉಪಗ್ರಹಗಳಿಗೆ 440 ನ್ಯೂಟನ್‌ನ ಎಂಜಿನ್ ಇದೆ. ಎಂಇವಿಯಂತೆ ನಳಿಕೆ ಹಿಡಿಯುವ ದಾರಿ ಅವಕ್ಕೆ ಉಂಟು. ಪೂರ್ತಿ ವಿದ್ಯುತ್ ನೂಕುಬಲದ ಉಪಗ್ರಹಗಳಲ್ಲಿ ಆ ನಳಿಕೆಯೇ ಇರುವುದಿಲ್ಲ. ಇಂಧನ ತುಂಬುವ ಮಾರ್ಗವೂ ಸುಲಭವಲ್ಲ: ಉಡಾವಣಾ ಕೇಂದ್ರದಲ್ಲಿ ತುಂಬಿದ ಮೇಲೆ ಕವಾಟಗಳಿಗೆ ಮುಚ್ಚಳ ಹಾಕಿ, ಉಷ್ಣರೋಧಕ ಹೊದಿಕೆ ಹೊದಿಸಿಬಿಡುತ್ತಾರೆ. ಅವನ್ನು ಬಿಚ್ಚುವುದೇ ರೋಬೋಗೆ ದೊಡ್ಡ ಸಾಹಸವೆಂದು 2013ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ನಾಸಾ ನಡೆಸಿದ ಪ್ರಯೋಗ ತೋರಿಸಿತು. ಕಕ್ಷೆಯಲ್ಲೇ ಇಂಧನ ತುಂಬುವ ಪ್ರಯೋಗಕ್ಕೆಂದು ಆರ್ಬಿಟ್‌ಏಡ್ ಸಂಸ್ಥೆ ರೂಪಿಸಿದ ಆಯುಲ್‌ಸ್ಯಾಟ್, 2026ರ ಜನವರಿ 12ರ ಪಿಎಸ್‌ಎಲ್‌ವಿ-ಸಿ62 ವೈಫಲ್ಯದಲ್ಲಿ ಕಕ್ಷೆ ಸೇರಲಿಲ್ಲ. ಆ ಪ್ರಯೋಗ ಮತ್ತೆ ನಡೆಯಲಿ ಎಂದು ಮನಸಾರೆ ಬಯಸುತ್ತೇನೆ.

ಆದ್ದರಿಂದ ನನ್ನ ಸಲಹೆ ನೆಲದ ಮೇಲಿನ ಜೋಡಣೆಯ ಹಂತಕ್ಕೆ ಸಂಬಂಧಿಸಿದ್ದು. ಇನ್ನು ಮುಂದೆ ಭೂಸ್ಥಿರ ಕಕ್ಷೆಗೆ ಹೋಗುವ ಪ್ರತಿ ಉಪಗ್ರಹದ ಹಿಡಿಯುವ ಮುಖದ ಮೇಲೆ ಕ್ಯಾಮೆರಾ ಗುರುತಿಸಬಲ್ಲ ಪ್ರತಿಫಲಕಗಳು, ರೋಬೋ ತೆರೆಯಬಲ್ಲ ಒಂದು ಕವಾಟ, ಒಂದು ವಿದ್ಯುತ್ ಸಂಪರ್ಕ ಇರಬೇಕು. ಅವುಗಳ ತೂಕವನ್ನೂ ಬೆಲೆಯನ್ನೂ ವಿನ್ಯಾಸದ ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಉಪಗ್ರಹ ದೇವನಹಳ್ಳಿಯಂಥ ಕಡೆಯ ಜೋಡಣೆ ಕೋಣೆಯಿಂದ ಹೊರಬಿದ್ದ ಮೇಲೆ ಅವನ್ನು ಸೇರಿಸಲು ಬರುವುದಿಲ್ಲ.